ಉಲ್ಟಾ ಉಸಿರಿನ ಆರ್ಗನ್

ಗದಗಿನ ಹತ್ತಡಿ ಅಗಲದ ಅಂಗಡಿಯಲ್ಲಿ ನಿಜಾಮುದ್ದೀನ ಮೂವತ್ತೆಂಟು ವರ್ಷಗಳಿಂದ ಹಾರ್ಮೋನಿಯಂ ದುರಸ್ತಿ ಮಾಡುತ್ತಿದ್ದಾನೆ. ಈ ಭಾಗದಲ್ಲಿ ಅದಕ್ಕೆ ಪೇಟಿ ಎನ್ನುತ್ತಾರೆ. ಲಕ್ಷ್ಮೇಶ್ವರದ ಭಜನಾ ಮಂಡಳಿಯದಿರಲಿ, ಮುಂಡರಗಿಯ ನಾಟಕದವರದಿರಲಿ, ಪೇಟಿ ಕೆಮ್ಮತೊಡಗಿತೆಂದರೆ ಬಸ್ಸು ಹತ್ತಿ ಅವನ ಬಳಿ ಬರುತ್ತದೆ. ಅವನು ತಿದಿ ಒತ್ತುತ್ತ, ಊದಬತ್ತಿ ಹಚ್ಚಿ ಸುತ್ತಲೂ ಹಿಡಿಯುತ್ತಾನೆ. ಹೊಗೆ ಎಲ್ಲಿ ಚದುರಿತೋ ಅಲ್ಲಿ ಗಾಳಿ ಸೋರುತ್ತಿದೆ ಎಂದು ಲೆಕ್ಕ. ಯಳವತ್ತಿಯಿಂದ ಬಂದು ಕೆಲಸ ಕಲಿತ ಹೊಸದರಲ್ಲಿ ತಾನೇ ಕಂಡುಕೊಂಡ ಉಪಾಯವಿದು.

ಒಂದು ಸೋಮವಾರ ಬೆಳಿಗ್ಗೆ, ಹಿಂದೆ ಅವನಿಗೆ ಗಣಿತ ಕಲಿಸಿದ್ದ ಇಸಾಕ ಮಾಸ್ತರರು ಬೆಟಗೇರಿಯಿಂದ ನಡೆದೇ ಬಂದರು.

“ಲೇ ನಿಜಾಮ, ನಮ್ಮ ಚರ್ಚಿನ ಆರ್ಗನ್ ದನಿ ಬಿದ್ದೈತಿ. ಭಾನುವಾರ ಸುಗ್ಗಿ ಆರಾಧನಿ. ಅಷ್ಟರೊಳಗ ನುಡೀಲಿಲ್ಲಂದ್ರ ಅದನ್ನ ಹಿಂದಿನ ಖೋಲ್ಯಾಗ ಒಗದು ಕೀಬೋರ್ಡ್ ತರ್ತಾರಂತ. ನಮ್ಮ ಕಮಿಟಿ ಸುದೀಪ ಆಗ್ಲೇ ಜಾಗಾದ್ದು ಅಳತಿ ತಗೊಂಡಾನ.”

“ಕಾಲುಪೇಟಿ ಹೌದಿಲ್ರಿ? ಮಾಡೂಣು ಬಿಡ್ರಿ ಮಾಸ್ತರ.”

“ಪೇಟಿ ಅಲ್ಲೋ. ಆರ್ಗನ್.”

“ಆತ್ರಿ, ದೊಡ್ಡ ಪೇಟಿ.”

ನಲವತ್ತನಾಲ್ಕು ವರ್ಷ ಅದನ್ನು ನುಡಿಸಿದ್ದ ಮಾಸ್ತರರು ಶಿಷ್ಯನನ್ನು ಒಮ್ಮೆ ದುರುಗುಟ್ಟಿ ನೋಡಿ ಚರ್ಚಿಗೆ ಕರೆದೊಯ್ದರು.

ಚರ್ಚು ನೂರು ವರ್ಷ ದಾಟಿದ ಕಟ್ಟಡ. ಎರಡೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಸಾಗವಾನಿ ತೊಲೆಗಳ ಕಡಿದಾದ ಮಾಡು, ಅದಕ್ಕೆ ಮಂಗಳೂರು ಹಂಚು. ಕಮಾನಿನ ಕಿಟಕಿಗಳು ಎತ್ತರದಲ್ಲಿರುವುದರಿಂದ ಬಿಸಿಗಾಳಿ ಮೇಲಿಂದಲೇ ಹೊರಟುಹೋಗಿ, ಕೆಳಗೆ ಕುಳಿತವರಿಗೆ ಬೇಸಿಗೆಯಲ್ಲೂ ತಂಪು. ನಿಜಾಮುದ್ದೀನ ಒಂದು ಚಪ್ಪಾಳೆ ತಟ್ಟಿದ. ದನಿ ಮಾಡಿನವರೆಗೆ ಹೋಗಿ ದುಂಡಗಾಗಿ ಮರಳಿತು. ಇಂಥ ಜಾಗದಲ್ಲಿ ವಾದ್ಯ ಮೂಕವಾಗಿ ಕುಳಿತಿರುವುದು ಅವನಿಗೆ ಸರಿಕಾಣಲಿಲ್ಲ.

ಹಡಗು, ರೈಲು, ಎತ್ತಿನ ಗಾಡಿ ಮೂರನ್ನೂ ಹತ್ತಿ ಬಂದದ್ದೆಂದು ಮಾಸ್ತರರ ಅಜ್ಜ ಹೇಳುತ್ತಿದ್ದ ಆ ಆರ್ಗನ್ನಿಗೆ ಐದು ಸಪ್ತಕ, ಎರಡು ಕಾಲುಮೆಟ್ಟು, ಮೆಟ್ಟಿಗೊಂದರಂತೆ ಎರಡು ತಿದಿ. ಚರ್ಮವೆಲ್ಲ ಒಣಗಿ ಹಪ್ಪಳವಾಗಿತ್ತು. ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚರ್ಮದ ಪಟ್ಟಿಗಳನ್ನು ನೋಡಿ ನಿಜಾಮುದ್ದೀನ ಹಣೆ ಚಚ್ಚಿಕೊಂಡ.

“ಯಾವನೋ ಅರೆಬರೆ ಕಲ್ತಾಂವ ಎಲ್ಲಾ ಉಲ್ಟಾ ಹಚ್ಚ್ಯಾನ್ರಿ!”

ಎಡ ತಿದಿಗೆ ಹೊಸ ಚರ್ಮ ಹಾಕಿ, ಅದರ ಪಟ್ಟಿಗಳನ್ನು ‘ಸರಿ’ಯಾಗಿ ತಿರುಗಿಸಿ ಕೂರಿಸಿದ. ಗುರುವಾರ ಆ ಮೆಟ್ಟನ್ನು ಒತ್ತಿ ನೋಡಿದರೆ ಬರೀ ಬುಸ್ ಎಂದಿತು. ಬಿಚ್ಚಿ ಮತ್ತೆ ಅಂಟಿಸಿದ. ಶುಕ್ರವಾರವೂ ಬುಸ್ಸೇ.

“ಊಟಕ್ಕ ಕುಂತಾಗೂ ಕಾಲು ಒತ್ತಾಕ ಹತ್ತೀರಲ್ಲ,” ಎಂದು ಆ ರಾತ್ರಿ ಹೆಂಡತಿ ಅಲ್ಮಾಸಬಿ ರೊಟ್ಟಿ ಬಡಿಸುತ್ತ ನಕ್ಕಳು. “ಗಂಗಾಳಕ್ಕ ದನಿ ಬಂದೀತು, ಹುಷಾರ!”

ಶನಿವಾರ ಬೆಳಿಗ್ಗೆ ಅವನು ಆರ್ಗನ್ನಿನ ಮುಂದಿನ ಹಲಗೆ ತೆಗೆದು ಊದಬತ್ತಿ ಹಚ್ಚಿದ. ಮಾಸ್ತರರು ಬಾಗಿಲ ಕಡೆ ನೋಡಿ ಬೆವತರು.

“ಲೇ ಲೇ! ಚರ್ಚಿನ್ಯಾಗ ಊದಬತ್ತಿ? ಪಾದ್ರಿಗಳು ಕಂಡ್ರ ನನ್ನ ಆರ್ಗನ್ ಜೋಡಿನ ಹೊರಗ ಹಾಕ್ತಾರ!”

“ಪೂಜಿ ಅಲ್ರಿ, ಸೋರಿಕಿ ನೋಡಾಕ. ನಾನೂ ಮಸೂತ್ಯಾಗ ಹೇಳೂದಿಲ್ಲ, ನೀವೂ ಇಲ್ಲಿ ಹೇಳಬ್ಯಾಡ್ರಿ. ಒಂದ ಮನಿ ಒತ್ತಿ ಹಿಡೀರಿ.”

ಮಾಸ್ತರರು ಸ್ವರದ ಒಂದು ಮನೆ, ಅಂದರೆ ಒಂದು ಕೀಲಿ, ಒತ್ತಿ ಹಿಡಿದರು. ಎಡ ಮೊಣಕಾಲು ನೋಯುತ್ತಿದ್ದುದರಿಂದ ಬಲ ಮೆಟ್ಟನ್ನಷ್ಟೇ ತುಳಿದರು. ಅದರದು ನಿಜಾಮುದ್ದೀನ ಇನ್ನೂ ಮುಟ್ಟಿರದ ಹಳೆಯ ತಿದಿ, ಹಳೆಯ ಪಟ್ಟಿ. ಒಳಗಿನಿಂದ ಸಣ್ಣಗೆ ‘ಞೀಂ’ ಎಂದಿತು. ನಿಜಾಮುದ್ದೀನನ ಕಣ್ಣು ಮಾತ್ರ ಹೊಗೆಯ ಮೇಲಿತ್ತು. ಅದು ಹೊರಕ್ಕೆ ಚದುರಲಿಲ್ಲ, ನೂಲಿನೆಳೆಯಂತೆ ಸ್ವರದ ಕಂಡಿಯೊಳಗೆ ಇಳಿಯಿತು. ಮತ್ತೆ ತುಳಿಸಿದ. ಮತ್ತೆ ಒಳಗೇ ಹೋಯಿತು.

“ಮಾಸ್ತರ, ಇದು ಊದೂದಿಲ್ರಿ! ಎಳೀತೈತಿ!”

ಪೇಟಿಯ ತಿದಿ ಗಾಳಿಯನ್ನು ಸ್ವರ ನುಡಿಸುವ ಹಿತ್ತಾಳೆ ಪತ್ತಿಗಳ ಮೂಲಕ ಹೊರಕ್ಕೆ ನೂಕುತ್ತದೆ. ಈ ಆರ್ಗನ್ನಿನ ತಿದಿ ಹೊರಗಿನ ಗಾಳಿಯನ್ನು ಅವುಗಳ ಮೂಲಕ ಒಳಕ್ಕೆ ಎಳೆಯುತ್ತದೆ. ಪತ್ತಿಯ ನಾಲಿಗೆ ಇರುವುದು ಒಂದೇ ಬದಿಗೆ. ಎದುರು ದಿಕ್ಕಿನಿಂದ ಗಾಳಿ ಬಂದರೆ ಅದು ನುಡಿಯದೆ ಕಟ್ಟಿಕೊಳ್ಳುತ್ತದೆ. ಹಳೆಯ ಪಟ್ಟಿಗಳು ಸರಿಯಾಗಿಯೇ ಇದ್ದವು. ಅರೆಬರೆ ಕಲಿತವನು ಯಾರೆಂದು ನಿಜಾಮುದ್ದೀನನಿಗೆ ತಿಳಿಯಿತು.

“ಪೇಟಿ ಅಲ್ಲ ಅಂತ ಮೊದ್ಲ ಹೇಳಿದ್ನಿಲ್ಲೋ?”

“ಹೆಸರಷ್ಟ ಹೇಳಿದ್ರಿ. ಇದರ ಉಸಿರು ಉಲ್ಟಾ ಅಂತ ಹೇಳಲಿಲ್ಲ!”

“ನನಗೇನ್ ಗೊತ್ತು? ನಾ ನುಡಸಾಂವ!”

ಸಂಜೆಯೊಳಗೆ ಬಲ ತಿದಿಗೂ ಹೊಸ ಚರ್ಮ ಬಂತು, ಎಡದ ಪಟ್ಟಿಗಳು ಮೊದಲಿದ್ದ ದಿಕ್ಕಿಗೇ ತಿರುಗಿದವು.

ಭಾನುವಾರ ನಿಜಾಮುದ್ದೀನ ಜೋಳದ ತೆನೆ, ಕಡಲೆಗಿಡಗಳ ರಾಶಿಯ ಪಕ್ಕದ ಹಿಂದಿನ ಬೆಂಚಿನಲ್ಲಿ ಕುಳಿತ. ಮಾಸ್ತರರು ಮೊದಲ ಕೀರ್ತನೆ ಶುರುಮಾಡಿದರು. ಆರ್ಗನ್ ಮಾಡಿನ ತೊಲೆಗಳವರೆಗೆ ತುಂಬಿಕೊಂಡಿತು. ಗಾಳಿ ಸಾಲದೆ ಇಷ್ಟು ವರ್ಷ ಎಳೆದೆಳೆದು ನುಡಿಸುತ್ತಿದ್ದವರು ಈಗ ಪುಸ್ತಕದಲ್ಲಿದ್ದ ಗತಿಯಲ್ಲೇ ಹೊರಟುಬಿಟ್ಟರು. ಸಭೆ ಹಳೆಯ ಗತಿಯಲ್ಲೇ ಉಳಿದು ಒಂದು ಸಾಲು ಹಿಂದೆ ಬಿತ್ತು. ಮೂರನೇ ಚರಣಕ್ಕೆ ಮುದುಕಿಯರು ಏದುಸಿರು ಬಿಡತೊಡಗಿದರು. ಪಾದ್ರಿಗಳು ನಗು ತಡೆದು ಕೈಯೆತ್ತಿ, “ಮತ್ತೊಮ್ಮಿ ಮೊದಲಿಂದ,” ಎಂದರು.

ಆರಾಧನೆ ಮುಗಿದ ಮೇಲೆ ಸುದೀಪ ಹಣೆ ಒರೆಸಿಕೊಳ್ಳುತ್ತ ಹಿಂದಿನ ಬೆಂಚಿಗೆ ಬಂದ.

“ಕೀಬೋರ್ಡ್ ಮಾತು ಬಿಟ್ವಿರಿ, ನಿಜಾಮಣ್ಣ. ಈಗ ಮೊದ್ಲ ನಾವ ಹಾಡೂದು ಕಲೀಬೇಕು.”