ಮೋನು ತೊಟ್ಟ ಜಾಕೆಟು

ಅಬುಧಾಬಿ ವಿಮಾನ ನಿಲ್ದಾಣದ ಲೌಂಜಿನಲ್ಲಿ ಮೆತ್ತನೆಯ ಕುರ್ಚಿಗೆ ಒರಗಿದಾಗ ನನ್ನ ಮೈಯಿಂದಲೇ ನುಸಿಗುಳಿಗೆಯ ವಾಸನೆ ಬಂತು. ತೊಟ್ಟಿದ್ದ ಜಾಕೆಟಿನದು. ಊರಿಂದ ಮೆಲ್ಬೋರ್ನಿಗೆ ಹೊರಟಿದ್ದೆ, ನಡುವೆ ಇಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿರುವ ಮಗಳು ಚಳಿಯೆಂದು ಹೆದರಿಸಿದ್ದರಿಂದ ಪೆಟ್ಟಿಗೆಯ ತಳದಿಂದ ತೆಗೆದಿದ್ದೆ. ರಾತ್ರಿಯಿಡೀ ಹಾರುವ ವಿಮಾನ. ಮುದುಕ ದಣಿಯಬಾರದೆಂದು ಲೌಂಜಿನ ಏರ್ಪಾಡನ್ನೂ ಅವಳೇ ಮಾಡಿದ್ದಳು. ಬಾಗಿಲಲ್ಲಿದ್ದ ಹುಡುಗಿ, ‘ಜೊತೆಗೆ ಇನ್ನೊಬ್ಬರನ್ನು ಕರೆತರಬಹುದು ಸರ್, ಯಾರಾದರೂ ಇದ್ದಾರೆಯೇ?’ ಎಂದು ಕೇಳಿದ್ದಳು. ಇಂಥದೇ ಪ್ರಶ್ನೆಯನ್ನು ಹಿಂದೊಮ್ಮೆ ಇನ್ನೊಬ್ಬಳು ಕೇಳಿದ್ದಳು. ಅವಳಿಗೆ ನಾನು ಕೊಟ್ಟ ಉತ್ತರವನ್ನು ಈವರೆಗೆ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಆಗ ನಾನು ಅಬುಧಾಬಿಯ ಮರುಭೂಮಿ ಸೀಮೆಯ ಮದೀನತ್ ಜಾಯೆದ್‌ನ ಒಂದು ಕಂಪನಿಯ ಕ್ಯಾಂಪಿನಲ್ಲಿ ಸ್ಟೋರ್ ಕೀಪರ್. ಓದಿದ್ದು ಹತ್ತನೆಯ ತರಗತಿ. ಗತ್ತು ಮಾತ್ರ ಇಂಜಿನಿಯರನದು. ಪೈಪುಗಳನ್ನು ಪರೀಕ್ಷಿಸಲು ಕೊರಿಯಾಕ್ಕೆ ಹೋಗುವ ಸಾಹೇಬರ ಹಿಂದೆ ಪಟ್ಟಿ ಹಿಡಿದುಕೊಂಡು ನಾನೂ ಹೋಗಿಬರುತ್ತಿದ್ದೆ. ಹಾಗೆ ನಾನು ಹಾರಿ ಹಾರಿ, ವಿಮಾನ ಕಂಪನಿಯವರು ನನಗೊಂದು ಹೊಳೆಯುವ ಕಾರ್ಡು ಕೊಟ್ಟರು. ಅದನ್ನು ತೋರಿಸಿದರೆ ಜೊತೆಗೊಬ್ಬರನ್ನೂ ಕರೆದುಕೊಂಡು ಲೌಂಜಿನಲ್ಲಿ ಪುಕ್ಕಟೆ ಊಟ ಮಾಡಬಹುದಿತ್ತು. ಅದು ಜೇಬಿನ ಹೊರಗಿನಿಂದ ಕಾಣಲಿ ಎಂದು ತೆಳ್ಳನೆಯ ಬಟ್ಟೆಯ ಅಂಗಿಗಳನ್ನೇ ಹೊಲಿಸಿದೆ. ನಗಬೇಡಿ. ನಗುವ ಭಾಗ ಇಲ್ಲಿಗೇ ಮುಗಿಯುತ್ತದೆ.

ಮೋನು ನಮ್ಮ ಮೆಸ್ಸಿನ ಅಡುಗೆಯವನು, ಉಪ್ಪಿನಂಗಡಿ ಕಡೆಯ ಬ್ಯಾರಿ. ಹನ್ನೆರಡು ವರ್ಷ ಅವನ ಕೈಯ ಅನ್ನ ತಿಂದೆ. ನನಗೆ ಜ್ವರ ಬಂದರೆ ಗಂಜಿಯನ್ನು ಕೋಣೆಗೇ ತರುತ್ತಿದ್ದ. ಎದುರು ಸಿಕ್ಕಾಗಲೆಲ್ಲ ಒಂದೇ ಮಾತು: ‘ಸ್ಟೋರಣ್ಣ, ಊಟ ಆಯ್ತಾ?’

ಒಮ್ಮೆ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ನನ್ನ ಪೆಟ್ಟಿಗೆಯ ತೂಕ ಹೆಚ್ಚಾಯಿತು. ಕೊರಿಯಾದಲ್ಲಿ ಕೊಂಡ ದಪ್ಪ ಜಾಕೆಟೂ ಅದರಲ್ಲಿತ್ತು. ಗಲ್ಫಿನವರಿಗೆ ಇದೇನೂ ಹೊಸತಲ್ಲ. ಹೆಚ್ಚಾದದ್ದನ್ನು ಮೈಮೇಲೆ ಹೇರಿಕೊಳ್ಳುವುದು ನಮ್ಮ ಪದ್ಧತಿ.

‘ಯಲ್ಲಾ, ಬೇಗ ಬೇಗ ಆ ಜಾಕೆಟ್ ಇಲ್ಲಿ ಕೊಡಿ,’ ಅಂದ ಮೋನು. ‘ಇವರು ಪೆಟ್ಟಿಗೆ ತೂಗ್ತಾರೆ, ಮನುಷ್ಯನನ್ನು ತೂಗುದಿಲ್ಲ.’

ತಾನು ಆಗಲೇ ತೊಟ್ಟಿದ್ದ ಎರಡು ಅಂಗಿಗಳ ಮೇಲೆ ನನ್ನ ಜಾಕೆಟು ಏರಿಸಿ, ಅದರ ಜೇಬುಗಳಿಗೆ ನನ್ನ ಬಾದಾಮಿ, ಟಾರ್ಚು, ಸಾಬೂನುಗಳನ್ನೆಲ್ಲ ತುಂಬಿಕೊಂಡ. ಸುತ್ತಿಟ್ಟ ಹಾಸಿಗೆಗೆ ಕೈಕಾಲು ಬಂದ ಹಾಗಿದ್ದ. ಜಾಕೆಟು ನಾನೇ ತೊಡಬಹುದಿತ್ತು. ಆದರೆ ಕಾರ್ಡು ಮುಚ್ಚಿಹೋಗುತ್ತಿತ್ತಲ್ಲ!

ಲೌಂಜಿನ ಬಾಗಿಲವರೆಗೂ ಅವನು ನನ್ನ ಜೊತೆ ಬಂದ. ಅಲ್ಲಿದ್ದ ಹುಡುಗಿ ಕಾರ್ಡು ನೋಡಿ, ಅವನನ್ನೂ ನೋಡಿ, ‘ಇವರು ನಿಮ್ಮ ಜೊತೆಯವರಾ ಸರ್?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬೆವರುತ್ತ, ಎರಡೂ ಪಕ್ಕ ನನ್ನ ಸಾಬೂನು ಉಬ್ಬಿಸಿಕೊಂಡು ಮೋನು ನಿಂತಿದ್ದ.

‘ಅಲ್ಲ,’ ಅಂದೆ, ಇಂಗ್ಲಿಷಿನಲ್ಲೇ.

‘ಎಂತ ಅಂದ್ಳು?’ ಇಂಗ್ಲಿಷ್ ಬಾರದ ಮೋನು ಕೇಳಿದ.

‘ಟಿಕೆಟಿಗೆ ಏನೋ ಸಹಿ ಬೇಕಂತೆ. ನೀನು ಗೇಟಿನ ಹತ್ತಿರ ಕೂತಿರು.’

ಒಳಗೆ ಒಂದು ಗಂಟೆ ತಿಂದೆ. ಕುರಿಮಾಂಸ, ಮೀನು, ಕೊನೆಗೆ ಮೂರು ಬಗೆಯ ಕೇಕು. ಹೊರಗೆ ಬಂದಾಗ ಮೋನು ಜಾಕೆಟನ್ನು ಬಿಚ್ಚದೆ ಹಾಗೆಯೇ ಕೂತಿದ್ದ.

‘ಊಟ ಆಯ್ತಾ?’

‘ಎಲ್ಲಿಯ ಊಟ ಮಾರಾಯ! ಬರೀ ಕಾಗದದ ಕೆಲಸ.’

ಅವನು ಚೀಲದಿಂದ ಪೊಟ್ಟಣ ತೆಗೆದ. ನಾಲ್ಕು ಪರೋಟ ತಂದಿದ್ದನಂತೆ. ಎರಡು ತಾನು ತಿಂದು ಎರಡು ನನಗೆಂದು ಇಟ್ಟಿದ್ದ. ಹೊಟ್ಟೆ ಬಿರಿಯುವಂತಿತ್ತು. ಆದರೂ ಹೇಳಿದ ಸುಳ್ಳನ್ನು ಉಳಿಸಿಕೊಳ್ಳಲು ಎರಡನ್ನೂ ತಿಂದೆ, ಅವನ ಎದುರಿಗೇ. ಅಂಥ ಊಟ ನಾನು ಜನ್ಮದಲ್ಲಿ ಮಾಡಿಲ್ಲ.

ಊರಲ್ಲಿ ವಿಮಾನ ಇಳಿದ ಮೇಲೆ ಜಾಕೆಟು ಬಿಚ್ಚಿ, ಬಾದಾಮಿಯ ಪೊಟ್ಟಣವೂ ಒಡೆಯದಂತೆ ಒಪ್ಪಿಸಿದ. ಈಗ ನನ್ನ ಮೈಮೇಲಿರುವ ಇದೇ ಜಾಕೆಟನ್ನು ಆ ಸೆಕೆಯ ಊರಲ್ಲಿ ತೊಡುವ ಸಂದರ್ಭವೇ ಬರಲಿಲ್ಲ. ಬಂದಿದ್ದರೂ ತೊಡುತ್ತಿದ್ದೆನೋ ಇಲ್ಲವೋ.

ಈಗ ಲೌಂಜಿನಲ್ಲಿ ತಟ್ಟೆ ಮುಟ್ಟಲು ಮನಸ್ಸಾಗಲಿಲ್ಲ. ಎದ್ದು ಹೊರಗೆ ಹೋಗಿ, ಗೇಟಿನ ಹತ್ತಿರದ ಕುರ್ಚಿಯಲ್ಲಿ ಕೂತು ಮೋನುವಿಗೆ ಫೋನ್ ಮಾಡಿದೆ. ಊರಲ್ಲಿ ಇನ್ನೂ ಮಲಗುವ ಹೊತ್ತಾಗಿರಲಿಲ್ಲ.

‘ಎಂತ ಸ್ಟೋರಣ್ಣ, ಭಾರೀ ಅಪರೂಪ?’

‘ಮೋನು, ಆವತ್ತು ಲೌಂಜಿನ ಹುಡುಗಿ ಕೇಳಿದ್ದು ಸಹಿಯಲ್ಲ. ನೀನು ನನ್ನ ಜೊತೆಯವನಾ ಅಂತ. ನಾನು ಅಲ್ಲ ಅಂದೆ.’

ಅವನ ಮನೆಯಲ್ಲಿ ಕುಕ್ಕರು ಎರಡು ಸಲ ಕೂಗಿತು.

‘ಅದು ನನಗೆ ಗೊತ್ತಿರ್ಲಿಲ್ಲ,’ ಅಂದ ಮೆಲ್ಲಗೆ. ‘ತಿಂದು ಬಂದದ್ದು ಗೊತ್ತಿತ್ತು. ನಿಮ್ಮ ಮೀಸೆಯಲ್ಲಿ ಕೇಕಿನ ಕ್ರೀಮ್ ಇತ್ತು.’

‘ಮತ್ತೆ ಪರೋಟ ಯಾಕೆ ಕೊಟ್ಟೆ?’

‘ನಿಮಗೆ ಅಂತ ಇಟ್ಟದ್ದಲ್ವಾ.’ ಮತ್ತೆ ಕೇಳಿದ, ‘ಈಗ ಊಟ ಆಯ್ತಾ?’

‘ಇಲ್ಲ.’

‘ಈ ಸಲ ನಿಜವಾ?’

ನಿಜವೇ ಆಗಿತ್ತು. ಆದರೂ, ಮೀಸೆ ಬೋಳಿಸಿ ಎಷ್ಟೋ ವರ್ಷವಾದ ಮೇಲ್ದುಟಿಯನ್ನು ಕೈ ತಾನಾಗಿ ಒರೆಸಿಕೊಂಡಿತು.