ಟ್ಯಾಂಕಿನ ಮುಚ್ಚಳಕ್ಕೆ ಅರಿಶಿನ

ಗಡಗಡ, ಟುಸ್, ಮತ್ತೆ ಗಡಗಡ. ಕೆಲಮಂಗಲದ ನಮ್ಮ ಬೀದಿಯಲ್ಲಿ ಆ ಸದ್ದು ಕೇಳಿದ್ದೇ ರಾಮಕೃಷ್ಣಪ್ಪ ಕಾಫಿ ಲೋಟ ಕೆಳಗಿಟ್ಟರು. ಹೊಸೂರಿನ ಲಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎಂಜಿನ್ ಆಲಿಸಿದ ಕಿವಿ ಅವರದು. ಎರಡು ಲಕ್ಷ ಕಿಲೋಮೀಟರ್ ಓಡಿದ ಹಳೇ ಕಾರಿನ ಸ್ಟೀರಿಂಗ್ ಬಿಟ್ಟು ಮದುವಣಗಿತ್ತಿ ನಾಗವೇಣಿಯೇ ಇಳಿದಳು. ರಾಯಕೋಟೆಯಲ್ಲಿ ಮುಹೂರ್ತಕ್ಕೆ ಉಳಿದದ್ದು ಒಂದೂವರೆ ಗಂಟೆ.

“ಮಾವಾ, ಎಳೆಯಕ್ಕೇ ಆಗ್ದೆ ನಿಂತೋಗ್ತೈತೆ!”

ಅವರು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ಸೆಂದು ಗಾಳಿ ಒಳನುಗ್ಗಿತು. ಮುಚ್ಚಳದ ಗಾಳಿಕಂಡಿಯ ತುಂಬ ಅರಿಶಿನ!

“ನಮ್ಮವ್ವ ಮದ್ವೆ ಗಾಡಿ ಅಂತ ಬೆಳಗ್ಗೆ ಪೂಜೆ ಮಾಡಿ ಬಳಿದ್ಬುಟ್ಲು.”

“ಗಾಳಿ ಹೋಗ್ದಿದ್ರೆ ಪೆಟ್ರೋಲ್ ಎಂಗಮ್ಮಾ ಇಳೀತದೆ?”

ಅವಳ ಸೆರಗಿನ ಪಿನ್ನು ಇಸಿದುಕೊಂಡು ಕಂಡಿ ಬಿಡಿಸಿದರು. ಅವಳು ಕೂತು ಕೀಲಿ ತಿರುಗಿಸಿದ್ದೇ ಕಾರು ಒಂದೇ ಸಮನೆ ಗುನುಗಿತು. ನಾಗವೇಣಿ ನಗುತ್ತ ಹಾರನ್ ಒತ್ತಿಯೇ ಒತ್ತಿದಳು.

“ನೀನೂ ಹತ್ತು ಮಾವಾ!”

“ತಡಿಯಮ್ಮಾ, ಈ ಪಂಚೇಲಿ ನಿನ್ನ ಅತ್ತೆಮನೆಯೋರ ಮುಂದೆ ನಾನು...” ಎನ್ನುತ್ತ ಅವರು ಪಂಚೆ ಬದಲಿಸಲು ಒಳಕ್ಕೆ ನಡೆದೇಬಿಟ್ಟರು.