ಮೂರನೇ ಭಾಗಕ್ಕೆ ಬೋರಕ್ಕ ಹೇಳಿದ ಮಾತು

ಬೋರಕ್ಕನಿಗೆ ಬರುತ್ತಿದ್ದ ಇಂಗ್ಲಿಷು ಮೂರೇ ಮಾತು: ಟಿಕೆಟ್, ಗೇಟ್, ಇಂಟರ್‌ವಲ್. ಇಷ್ಟೇ ಬಂಡವಾಳ ಇಟ್ಟುಕೊಂಡು ಅವಳು ಏಳು ವರ್ಷ ಮೊಳಕಾಲ್ಮುರಿನ ಹೆಂಗಸರಿಗೆ ಇಂಗ್ಲಿಷ್ ಪಿಚ್ಚರಿನ ಕಥೆ ಹೇಳಿದಳು ಅಂದರೆ ನೀವು ನಗಬಹುದು. ಆ ಊರಿನ ಹೆಂಗಸರು ನಗಲಿಲ್ಲ. ಸೆರಗು ಹಿಂಡುವಷ್ಟು ಅತ್ತರು.

ಅವಳು ಹುಟ್ಟಿದ್ದು ಕೊಂಡ್ಲಹಳ್ಳಿಯಲ್ಲಿ. ಗಂಡ ಹನುಮಣ್ಣ ಮೊಳಕಾಲ್ಮುರಿನ ದೊಡ್ಡಪಾಲಯ್ಯನ ತಗಡಿನ ಟಾಕೀಸಿನಲ್ಲಿ ಪೋಸ್ಟರ್ ಅಂಟಿಸುತ್ತಿದ್ದ. ಅವನು ತೀರಿಕೊಂಡಾಗ ದೊಡ್ಡಪಾಲಯ್ಯ ಅವಳನ್ನು ಕರೆದು ಹೆಂಗಸರ ಕಡೆಯ ಗೇಟಿಗೆ ನಿಲ್ಲಿಸಿದ. ಬೆಳಿಗ್ಗೆಯೆಲ್ಲ ಶೇಂಗಾ ಮಿಲ್ಲಿನಲ್ಲಿ ಕಾಯಿ ಸುಲಿಯುವುದು, ಆಮೇಲೆ ಬಂದು ಟಿಕೆಟ್ ಹರಿಯುವುದು. ಎರಡು ಕಡೆಯೂ ಕಾಲು ನೋಯುತ್ತಿತ್ತು. ಮನೆಗೆ ಹೋಗಿ ಮಲಗಿದರೂ ಗಂಟಲೊಳಗೆ ಶೇಂಗಾ ಸಿಪ್ಪೆಯ ಧೂಳು ಕೆರೆಯುತ್ತಿತ್ತು.

ಕಥೆ ಹೇಳುವ ಕೆಲಸ ಅವಳಿಗೆ ಯಾರೂ ಕೊಟ್ಟಿದ್ದಲ್ಲ. ಬಳ್ಳಾರಿಯಲ್ಲಿ ಓಡಿ ಸವೆದ ಇಂಗ್ಲಿಷ್ ಪಿಚ್ಚರುಗಳು ದೊಡ್ಡಪಾಲಯ್ಯನಿಗೆ ಅಗ್ಗಕ್ಕೆ ಸಿಗುತ್ತಿದ್ದವು. ಗಂಡಸರಿಗೇನು, ಹೊಡೆದಾಟ ಇದ್ದರೆ ಸಾಕು, ಭಾಷೆ ಯಾರಿಗೆ ಬೇಕು? ಹೆಂಗಸರು ಮಾತ್ರ ಅಡ್ಡಗೋಡೆಯ ಈಚೆ ಕೂತು ಆಕಳಿಸುತ್ತಿದ್ದರು. 'ಅವ್ನು ಯಾಕೆ ಓಡ್ತಾನೆ? ಅವ್ಳು ಇವ್ನಿಗೇನಾಗ್ಬೇಕು?' ಎಂದು ಗೇಟಿನ ಹತ್ತಿರ ಕೂತವರು ಕೇಳಿದರೆ ಬೋರಕ್ಕ ತನಗೆ ತೋಚಿದ್ದನ್ನು ಹೇಳುತ್ತಿದ್ದಳು. ಅವಳಿಗೆ ತೋಚುತ್ತಿದ್ದದ್ದೂ ಜಾಸ್ತಿಯೇ. ನಾಲ್ಕು ವಾರದಲ್ಲಿ ಹಿಂದಿನ ಸಾಲಿನವರೂ ಮುಂದೆ ಬಂದು ಕೂರತೊಡಗಿದರು. ಇದನ್ನು ಕಂಡ ದೊಡ್ಡಪಾಲಯ್ಯ ಒಂದು ಮೈಕಿಗೆ ವೈರು ಎಳೆಸಿ, ಅವಳ ಸ್ಟೂಲಿನ ಪಕ್ಕ ಇಟ್ಟು, 'ಬಾಯಿಬಿಟ್ಟು ಹೇಳವ್ವ, ಎಲ್ರಿಗೂ ಕೇಳ್ಲಿ' ಅಂದ. ಅವತ್ತಿನಿಂದ ಇಂಗ್ಲಿಷ್ ಪಿಚ್ಚರ್ ಬಂದರೆ ಪರದೆಯ ಸೌಂಡು ಇಳಿಯಬೇಕು, ಬೋರಕ್ಕನ ದನಿ ಏರಬೇಕು.

ತೊಂಬತ್ನಾಲ್ಕರಲ್ಲಿ ಆಕಾಶದ ಪಿಚ್ಚರ್ ಬಂತು. ಅದರ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ, ಆದ್ದರಿಂದ ಊರವರಿಗೆ ಅದು ಆಕಾಶದ ಪಿಚ್ಚರೇ. ನಕ್ಷತ್ರಗಳ ನಡುವೆ ಹಡಗುಗಳು ಓಡಾಡುತ್ತವೆ, ಯಾವುದೋ ಮಣ್ಣಿನ ಲೋಕದಲ್ಲಿ ಗುಡಿಸಲುಗಳು ಉರಿದುಹೋಗುತ್ತವೆ. ಪೊಲೀಸರ ಹಾಗೆ ಬಟ್ಟೆ ತೊಟ್ಟ ಬಿಳಿ ಕೂದಲಿನ ಹೆಂಗಸೊಬ್ಬಳು ಆ ಬೂದಿಯಿಂದ ಒಂದು ಹೆಣ್ಣುಕೂಸನ್ನು ಎತ್ತಿ, ಅಂಗೈಯಲ್ಲಿ ಅದರ ಮುಖ ಒರೆಸಿ, ಒಬ್ಬ ಮುದುಕನ ಕೈಗೆ ಕೊಟ್ಟು, ತಿರುಗಿ ನೋಡದೆ ಹಡಗು ಹತ್ತುತ್ತಾಳೆ. ಕೂಸಿನ ಮುಖ ಹಾಗೆ ಒರೆಸುವವಳು ಇನ್ಯಾರಾದಾಳು? 'ಹೆತ್ತ ತಾಯಿ ಕಣ್ರವ್ವ' ಎಂದಳು ಬೋರಕ್ಕ ಮೈಕಿನಲ್ಲಿ. 'ಸಾಕೋಕಾಗ್ದೆ ಕೊಟ್ಟು ಹೋಗ್ತಾವ್ಳೆ.' ಇಡೀ ಹೆಂಗಸರ ಕಡೆ ಒಂದೇ ಸಲ ಮೂಗು ಎಳೆಯಿತು. ಆ ಹೆಂಗಸಿಗೆ ಬಿಳಿತಲೆಯವ್ವ ಎಂದೂ ಕೂಸಿಗೆ ಚುಕ್ಕಿ ಎಂದೂ ಬೋರಕ್ಕನೇ ಹೆಸರಿಟ್ಟಳು.

ಮೂರು ವರ್ಷದ ಮೇಲೆ ಎರಡನೇ ಭಾಗ ಬಂತು. ಚುಕ್ಕಿ ಎದೆಯೆತ್ತರಕ್ಕೆ ಬೆಳೆದಿದ್ದಳು. ಅವಳು ಹೋದಲ್ಲೆಲ್ಲ ಬಿಳಿತಲೆಯವ್ವ ಮರೆಯಲ್ಲಿ ನಿಂತು ನೋಡುತ್ತಿದ್ದಳು, ಹತ್ತಿರ ಬರುತ್ತಿರಲಿಲ್ಲ. ಕೊನೆಯಲ್ಲಿ ಬೋರಕ್ಕ ಒಂದು ಮಾತು ಕೊಟ್ಟುಬಿಟ್ಟಳು: 'ಮುಂದಿನ ಭಾಗದಾಗೆ ತಾಯಿ ಬಾಯಿ ಬಿಡ್ತಾಳೆ. ನಾನೇ ಕಣೆ ನಿನ್ನ ಹೆತ್ತೋಳು ಅಂತಾಳೆ. ಚುಕ್ಕಿ ಬಂದು ಮಡಿಲಾಗೆ ಬೀಳ್ತಾಳೆ. ನೋಡ್ತಾ ಇರ್ರಿ.'

ಆ ಮಾತು ನಾಲ್ಕು ವರ್ಷ ಊರಿನಲ್ಲಿ ಓಡಾಡಿತು. ಮಿಲ್ಲಿನಲ್ಲಿ ಕೇಳುವರು, ನಲ್ಲಿಯ ಹತ್ತಿರ ಕೇಳುವರು, ರೇಷ್ಮೆ ಮಗ್ಗದ ಮನೆಗಳಲ್ಲಿ ಲಾಳಿ ನಿಲ್ಲಿಸಿ ಕೇಳುವರು, 'ಬೋರಕ್ಕ, ಮೂರನೇ ಭಾಗ ಯಾವಾಗ?' ಮೊದಮೊದಲು ಅವಳಿಗೆ ಹಿಗ್ಗೆನಿಸುತ್ತಿತ್ತು. ಆಮೇಲಾಮೇಲೆ ಸುಸ್ತೆನಿಸಿತು. ತನ್ನ ಮಂಡಿ ಹೇಗಿದೆ ಎಂದು ಒಬ್ಬರೂ ಕೇಳಿದವರಿಲ್ಲ, ಬಿಳಿತಲೆಯವ್ವನ ಕ್ಷೇಮವನ್ನು ಮಾತ್ರ ಊರೆಲ್ಲ ವಿಚಾರಿಸುತ್ತಿತ್ತು.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಮೂರನೇ ಭಾಗ ಬಂತು. ಆದರೆ ಈ ಸಲ ಅದು ತೆಲುಗಿನಲ್ಲಿ ಮಾತಾಡುತ್ತಾ ಬಂತು. ಡಬ್ಬಿಂಗ್ ಆಗಿತ್ತು. ಮೊಳಕಾಲ್ಮುರಿನಲ್ಲಿ ತೆಲುಗು ಬಾರದವರು ಯಾರು? ಅರ್ಧ ಊರಿಗೆ ಮನೆಮಾತೇ ಅದು. ಶುಕ್ರವಾರದ ಮೊದಲ ಆಟಕ್ಕೆ ದೊಡ್ಡಪಾಲಯ್ಯ ಮೈಕನ್ನು ಬಟ್ಟೆ ಸುತ್ತಿ ಒಳಗಿಟ್ಟ. ಬೋರಕ್ಕನಿಗೆ ನಿಜ ಹೇಳಬೇಕೆಂದರೆ ಹಾಯೆನಿಸಿತು. ಅಡ್ಡಗೋಡೆಗೆ ಒರಗಿ, ಕಾಲು ಚಾಚಿ, ಗೇಟಿಗೆ ನಿಂತ ಹನ್ನೊಂದು ವರ್ಷದಲ್ಲಿ ಮೊದಲ ಸಲ ಸುಮ್ಮನೆ ಪಿಚ್ಚರ್ ನೋಡಲು ಕೂತಳು.

ಇಂಟರ್‌ವಲ್ ಆಗಿ ಸ್ವಲ್ಪ ಹೊತ್ತಿಗೆ ಅವಳು ಚಾಚಿದ್ದ ಕಾಲು ಮಡಿಸಿ ನೆಟ್ಟಗೆ ಕೂತಳು. ಬಿಳಿತಲೆಯವ್ವ ತಾಯಿಯಲ್ಲ. ಆ ಗುಡಿಸಲುಗಳಿಗೆ ಬೆಂಕಿ ಇಡಿಸಿದ ಸೇನಾಪತಿಯೇ ಅವಳು. ಎಲ್ಲರನ್ನೂ ಕೊಲ್ಲಿಸಿ ಒಂದು ಕೂಸನ್ನು ಕೊಲ್ಲಲಾರದೆ ಬಿಟ್ಟಿದ್ದಳು. ಅದು ಬೆಳೆದು ತನ್ನ ಮೇಲೆ ತಿರುಗೀತೆಂಬ ಭಯಕ್ಕೆ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಇದನ್ನೆಲ್ಲ ಅವಳೇ ಅಚ್ಚ ತೆಲುಗಿನಲ್ಲಿ ಒಪ್ಪಿಕೊಂಡಳು. ಚುಕ್ಕಿ ಅವಳನ್ನು ಹಡಗಿನ ಹೊರಕ್ಕೆ ದೂಡಿ ಬಾಗಿಲು ಹಾಕಿದಳು. ಗಾಜಿನ ಆಚೆ ಬಿಳಿ ಕೂದಲು ಹರಡಿಕೊಂಡು, ಕೈ ಬಡಿಯುತ್ತಾ ಬಡಿಯುತ್ತಾ, ಆ ಮುಖ ಕತ್ತಲೆಗೆ ಹೋಯಿತು.

ಗಂಡಸರ ಕಡೆಯಿಂದ ಸೀಟಿ. ಹೆಂಗಸರ ಕಡೆಯಿಂದ ಬೈಗುಳ.

ಬೈದದ್ದು ಬೋರಕ್ಕನನ್ನಲ್ಲ ಎಂಬುದೇ ತಮಾಷೆ. 'ಆ ಡಬ್ಬಿಂಗ್ ಮಾಡಿದೋರ ಬಾಯಿಗೆ ಮಣ್ಣು ಬೀಳ! ಹೆತ್ತ ತಾಯಿನ ಕೊಲೆಗಾತಿ ಮಾಡ್ಬಿಟ್ರಲ್ಲ!' ಎಂದು ಮೊದಲು ಎದ್ದವಳು ಚಿಕ್ಕಕ್ಕ. ಮಿಲ್ಲಿನಲ್ಲಿ ಬೋರಕ್ಕನ ಪಕ್ಕದಲ್ಲೇ ಕೂತು ಕಾಯಿ ಸುಲಿಯುವವಳು. 'ಅವ್ರಿಗೆ ಇಂಗ್ಲೀಷು ಬರಂಗಿಲ್ಲ. ತಮಗೆ ತಿಳ್ದಂಗೆ ಏನೋ ಮಾತು ಸೇರ್ಸ್ಯಾರೆ. ಮಾಲೀಕ್ರೆ, ಸೌಂಡು ತೆಗೀರಿ, ನಮ್ ಬೋರಕ್ಕ ಹೇಳ್ಲಿ!' ಹಿಂದೆಯೇ ಇಪ್ಪತ್ತು ಮೂವತ್ತು ದನಿ ಸೇರಿತು. ಬೋರಕ್ಕ ತಲೆ ತಗ್ಗಿಸಿ ಗೇಟಿನ ಚಿಲಕ ಹಿಡಿದು ನಿಂತಿದ್ದಳು. ಒಬ್ಬಳಾದರೂ ತನ್ನನ್ನು ಬೈದಿದ್ದರೆ ಇಷ್ಟು ಭಾರ ಅನಿಸುತ್ತಿರಲಿಲ್ಲ.

ಶನಿವಾರ ದೊಡ್ಡಪಾಲಯ್ಯ ಅವಳನ್ನು ಕರೆಸಿದ. 'ನಾಳೆ ಮ್ಯಾಟಿನಿಗೆ ಸೌಂಡು ಇರಲ್ಲ. ನೀನೇ ಹೇಳ್ಬೇಕು.'

'ಏನಂತ ಹೇಳ್ಲಿ ಮಾಲೀಕ್ರೆ? ಆಯಮ್ಮ ತಾಯಿ ಅಲ್ಲ ಅಂತ ತಾನೇ ಒಪ್ಕಂಡಳಲ್ಲ.'

'ತಾಯಿ ಅಂತ ಹೇಳು. ಅವ್ರಿಗೆ ಬೇಕಾಗಿರೋದು ಅದೇ. ಬಾಗ್ಲು ಹಾಕಿದ್ದಕ್ಕೆ ಏನಾದ್ರೂ ಒಂದು ಕಾರಣ ಕಟ್ಟು. ನಿನಗೇನು ಹೊಸದಾ?'

ಹೊಸದಲ್ಲ ನಿಜ. ಆ ಮಾತೇ ಅವಳನ್ನು ಕುಟುಕಿತು. ಆದರೂ ಎದುರಾಡುವಷ್ಟು ತ್ರಾಣ ಇರಲಿಲ್ಲ. ರಾಗಿ ಮುದ್ದೆ ತಿರುವುತ್ತಾ ಒಂದು ಕಾರಣ ಕಟ್ಟಿದಳು. ಹಡಗು ಸಿಡಿಯುವುದರಲ್ಲಿದೆ, ತಾಯಿ ಉಳಿಯಲಿ ಅಂತ ಮಗಳು ಅವಳನ್ನು ಹೊರಗೆ ಕಳಿಸುತ್ತಾಳೆ, ಆಚೆ ಇನ್ನೊಂದು ಹಡಗು ಕಾದಿದೆ. ಪರವಾಗಿಲ್ಲ, ಒಪ್ಪಿಯಾರು ಅನಿಸಿತು. ಚುಕ್ಕಿಯ ಮುಖದ ಸಿಟ್ಟಿಗೆ ಏನು ಹೇಳುವುದೆಂದು ಮಾತ್ರ ತೋಚಲಿಲ್ಲ. ಹೋಗಲಿ ಎಂದು ಬಿಟ್ಟಳು.

ಭಾನುವಾರ ಗೇಟಿನಲ್ಲಿ ನೂಕುನುಗ್ಗಲು. ಟಿಕೆಟ್ ಹರಿಯುತ್ತಿದ್ದ ಬೋರಕ್ಕನ ಕೈಯನ್ನು ಯಾರೋ ಹಿಡಿದರು. ಸಿದ್ದಾಪುರದ ಮಂಜಮ್ಮ. ಒಗೆದು ಮಡಿಸಿದ ಹಸಿರು ಸೀರೆ ಉಟ್ಟಿದ್ದಳು. ಹಿಂದೆ ಎರಡು ಜಡೆಯ ಹುಡುಗಿ, ಹದಿನೈದರ ಆಸುಪಾಸು, ನೆರಳಿಗೆ ಸರಿದು ನಿಂತಿತ್ತು. ಬೋರಕ್ಕನಿಗೆ ಗುರುತು ಹತ್ತಿತು. ಮಂಜಮ್ಮ ತನ್ನ ಎರಡನೇ ಹೆಣ್ಣನ್ನು ಮೂರು ತಿಂಗಳ ಕೂಸಾಗಿದ್ದಾಗಲೇ ಚಳ್ಳಕೆರೆಯ ಮಕ್ಕಳಿಲ್ಲದ ಅಕ್ಕನ ಮಡಿಲಿಗೆ ಹಾಕಿದ್ದಳು. ಅದೇ ಮಾಲಾ. ಹೆತ್ತವಳನ್ನು ಅದು ಚಿಗವ್ವ ಎಂದು ಕರೆಯುತ್ತಿತ್ತು. ದೊಡ್ಡವರಿಗೆಲ್ಲ ಗೊತ್ತು, ಹುಡುಗಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮಂಜಮ್ಮ ಕಿವಿಯ ಹತ್ತಿರ ಬಾಗಿದಳು. 'ಇವತ್ತು ಹೇಳ್ಬಿಡ್ತೀನಿ ಬೋರಕ್ಕ. ಹೇಳು ಅಂತ ನಮ್ಮಕ್ಕನೇ ಅಂದವ್ಳೆ, ಬ್ಯಾರೇರ ಬಾಯಿಂದ ಕೇಳೋಕಿಂತ ನೀನೇ ಹೇಳು ಅಂತ. ಎರಡು ವರ್ಷ ಆತು, ಬಾಯೇ ಬರ್ವಲ್ದು. ಬಿಳಿತಲೆಯವ್ವ ಹೇಳ್ತಾಳಲ್ಲ, ಚುಕ್ಕಿ ಬಂದು ಮಡಿಲಾಗೆ ಬೀಳ್ತಾಳಲ್ಲ, ಅವಾಗ ಕೈ ಹಿಡ್ಕಂಡು ಹೇಳ್ತೀನಿ. ಅದುಕ್ಕೇ ಕರ್ಕಂಡು ಬಂದೀನಿ.'

'ನೀನು ಶುಕ್ರವಾರ ಬಂದಿರ್ಲಿಲ್ಲೇನೆ?'

'ಎಲ್ಲಿ? ಚಳ್ಳಕೆರೆಗೆ ಹೋಗಿದ್ದೆ, ಇವ್ಳನ್ನ ಕರ್ಕಂಬರಕ್ಕೆ.'

'ಮಂಜಮ್ಮ, ನಿಲ್ಲು, ಇವತ್ತು ಬ್ಯಾಡ' ಎಂದಳು ಬೋರಕ್ಕ. ಹಿಂದಿನಿಂದ ಜನ ತಳ್ಳಿದರು. ಹಸಿರು ಸೀರೆ ಎರಡು ಜಡೆಯನ್ನು ಎಳೆದುಕೊಂಡು ಒಳಗೆ ಹೋಗಿಬಿಟ್ಟಿತು.

ಬಾಗಿಲು ಮುಚ್ಚಿದರು, ಕರಿ ಪರದೆ ಎಳೆದರು. ಬೋರಕ್ಕ ಸ್ಟೂಲಿನ ಮೇಲೆ ಕೂತು ಮೈಕು ಹಿಡಿದಳು. ಮೊದಲರ್ಧ ಹೇಗೋ ಸಾಗಿತು. ಹಡಗು ಬಂದವು, ಹೋದವು, ಅವಳ ಬಾಯಿ ತಾನಾಗಿ ಹೇಳಿಕೊಂಡು ಹೋಯಿತು. ಕಣ್ಣು ಮಾತ್ರ ನಾಲ್ಕನೇ ಸಾಲಿನಲ್ಲಿತ್ತು. ಇಂಟರ್‌ವಲ್ಲಿನಲ್ಲಿ ಎದ್ದು ಮಂಜಮ್ಮನ ಕಡೆ ಹೊರಟರೆ ಹೆಂಗಸರು ಸುತ್ತುಗಟ್ಟಿದರು. ಒಬ್ಬಳು ಸೋಡಾ ತಂದು ಕುಡಿಸಿದಳು. ಗಂಟೆ ಹೊಡೆಯಿತು.

ಬಿಳಿತಲೆಯವ್ವ ಚುಕ್ಕಿಯ ಎದುರು ಬಂದು ನಿಂತಳು. ತುಟಿ ಅಲ್ಲಾಡುತ್ತಿತ್ತು, ದನಿಯಿಲ್ಲ. ಟಾಕೀಸಿನಲ್ಲಿ ಮುನ್ನೂರು ಹೆಂಗಸರು ಬೋರಕ್ಕನ ಬಾಯಿಗೆ ಕಾಯುತ್ತಿದ್ದರು. ಪರದೆಯ ಬೆಳಕಿನಲ್ಲಿ ಮಂಜಮ್ಮ ಮಾಲಾಳ ಕೈ ಹಿಡಿದದ್ದು ಕಂಡಿತು.

ಕಟ್ಟಿಕೊಂಡು ಬಂದಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಇನ್ನೆರಡು ನಿಮಿಷಕ್ಕೆ ಆ ಬಾಗಿಲು ಮುಚ್ಚುತ್ತದೆ. ಆ ಸಿಟ್ಟಿನ ಮುಖ ಪರದೆ ತುಂಬ ಬರುತ್ತದೆ. ಈಗ ತಾಯಿ ಅಂದರೆ, ನಾನೇ ಹೆತ್ತವಳು ಅಂದವಳನ್ನು ಮಗಳು ಹೊರಗೆ ನೂಕುವುದನ್ನು ಆ ಹುಡುಗಿ ಕಣ್ಣಾರೆ ನೋಡುತ್ತದೆ, ಮಂಜಮ್ಮನೂ ನೋಡುತ್ತಾಳೆ. ಯಾವ ಇನ್ನೊಂದು ಹಡಗೂ ಅದನ್ನು ಮುಚ್ಚಲಾರದು. ಬೋರಕ್ಕನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಾಕಾಗಿತ್ತು.

'ಅವ್ವದಿರಾ' ಎಂದಳು ಮೈಕಿನಲ್ಲಿ. 'ನಂದು ತಪ್ಪಾಗೈತೆ. ಈಯಮ್ಮ ಚುಕ್ಕಿ ತಾಯಿ ಅಲ್ಲ. ಯಾವಾಗ್ಲೂ ಅಲ್ಲ. ಊರಿಗೆ ಬೆಂಕಿ ಇಕ್ಕಿದೋಳು. ತೆಲುಗಿನೋರು ಸರಿಯಾಗೇ ಹೇಳ್ಯಾರೆ. ನಂಗೆ ಇಂಗ್ಲೀಷು ಬರಲ್ಲ. ಕೂಸಿನ ಮುಖ ಒರೆಸಿದ್ಲು, ಅಷ್ಟಕ್ಕೇ ತಾಯಿ ಅಂದ್ಬಿಟ್ಟೆ. ಹೆತ್ತೋಳು ಅವತ್ತೇ ಬೆಂಕ್ಯಾಗೆ ಹೋದ್ಲು. ಇರೋಗಂಟ ಕೂಸನ್ನ ಕೈಬಿಟ್ಟೋಳಲ್ಲ.'

ಬಾಗಿಲು ಮುಚ್ಚಿತು. ಗಾಜಿನ ಆಚೆ ಕೈಗಳು ಬಡಿದವು. ಯಾರೂ ಅಳಲಿಲ್ಲ. ದೊಡ್ಡಪಾಲಯ್ಯ ಕ್ಯಾಬಿನ್ನಿನ ಕಿಂಡಿಯಿಂದ ಕೈ ಬೀಸಿ ಏನೋ ಹೇಳುತ್ತಿದ್ದ. ಬೋರಕ್ಕ ಆ ಕಡೆ ನೋಡಲಿಲ್ಲ. ಮೈಕನ್ನು ಕಾಲ ಬಳಿ ಇಟ್ಟು, ಮುಗಿಯುವ ತನಕ ಬಾಯಿ ತೆರೆಯಲಿಲ್ಲ.

ಆಟ ಬಿಟ್ಟಾಗ ಬಿಸಿಲು ಇನ್ನೂ ಚುರುಗುಡುತ್ತಿತ್ತು. ಗೇಟಿನಲ್ಲಿ ಹೆಂಗಸರು ಅವಳ ಮುಖ ನೋಡದೆ ದಾಟಿದರು. ಚಿಕ್ಕಕ್ಕ ಮಾತ್ರ ನಿಂತಳು. 'ಏಳು ವರ್ಷ ನಮ್ಮನ್ನ ಸುಳ್ಳುಸುಳ್ಳೇ ಅಳ್ಸಿದ್ಯಲ್ಲೇ!'

'ನಾನೂ ಅತ್ತಿದ್ದೆ ಕಣೆ' ಎಂದಳು ಬೋರಕ್ಕ. ಚಿಕ್ಕಕ್ಕ ಮೂಗು ಮುರಿದು ಹೋದಳು. ನಾಳೆ ಮಿಲ್ಲಿನಲ್ಲಿ ಪಕ್ಕದಲ್ಲಿ ಕೂರುತ್ತಾಳೋ ಇಲ್ಲವೋ. ಮುಂದಿನ ಇಂಗ್ಲಿಷ್ ಪಿಚ್ಚರಿಗೆ ಮೈಕು ಹೊರಗೆ ಬರುವುದೂ ಅನುಮಾನವೇ. ಅದರ ಚಿಂತೆ ಮಾಡಲೂ ಅವಳಿಗೆ ಆಯಾಸ.

ಎಲ್ಲರ ಕೊನೆಗೆ ಮಂಜಮ್ಮ ಬಂದಳು. ಮುಖ ಬಾಡಿಹೋಗಿತ್ತು. ಬೋರಕ್ಕನ ಕಡೆ ಒಮ್ಮೆ ನೋಡಿದಳು, ಬೈಯುವ ಹಾಗೂ ಅಲ್ಲ, ಕೇಳುವ ಹಾಗೂ ಅಲ್ಲ. ಮಾಲಾ ಬಾಗಿ ಚಪ್ಪಲಿಯ ಬಾರು ಸರಿಮಾಡಿಕೊಂಡು ಎದ್ದಳು.

'ನಂಗೆ ಮೊದ್ಲೇ ಅನ್ಸಿತ್ತು ಚಿಗವ್ವ' ಎಂದಳು ಹುಡುಗಿ. 'ಎರಡನೇ ಭಾಗ ನಾನೂ ನೋಡಿದ್ನಲ್ಲ. ಆಯಮ್ಮ ತಾಯಿ ಆಗಿದ್ರೆ ಅಷ್ಟು ಹತ್ರ ನಿಂತ್ಕಂಡು ಹೇಳ್ದೆ ಇರ್ತಿದ್ಲಾ? ಯಾವ ತಾಯಿ ಇರ್ತಾಳೆ ಹಂಗೆ?'

ಬಸ್ ಸ್ಟ್ಯಾಂಡಿನಲ್ಲಿ ಚಳ್ಳಕೆರೆ ಬಸ್ಸು ಹಾರನ್ ಹೊಡೆಯಿತು. 'ಬಾ ಚಿಗವ್ವ, ಬಸ್ಸು' ಎಂದು ಮಾಲಾ ನಾಲ್ಕು ಹೆಜ್ಜೆ ಹಾಕಿದಳು. ಮಂಜಮ್ಮ ಕದಲಲಿಲ್ಲ. ಒಂದು ಮಾತು ಸೇರಿಸಿ ಅವಳನ್ನು ಈ ಇಕ್ಕಟ್ಟು ದಾಟಿಸಿಬಿಡಲೇ ಎಂದು ಬೋರಕ್ಕನ ಬಾಯಿ ತುಡಿಯಿತು. ತುಟಿ ಕಚ್ಚಿ ಗೇಟಿನ ಚಿಲಕ ಹಿಡಿದುಕೊಂಡಳು.

'ಇರ್ತಾಳೆ ಕಣವ್ವ' ಎಂದಳು ಮಂಜಮ್ಮ. ದನಿ ಹೊರಡಲಿಲ್ಲ. ಇನ್ನೊಮ್ಮೆ ಹೇಳಿದಳು. 'ಇರ್ತಾಳೆ. ಹೆದ್ರಿಕೆ ಇರ್ತೈತೆ ಅವ್ಳಿಗೆ.'

ಮಾಲಾ ತಿರುಗಿ ನೋಡಿದಳು. ಹೆಜ್ಜೆ ಮುಂದಿಡಲಿಲ್ಲ. ಬಸ್ಸು ಇನ್ನೊಂದು ಸಲ ಹಾರನ್ ಹೊಡೆದು ಹೊರಟುಹೋಯಿತು, ಇಬ್ಬರೂ ಆ ಕಡೆ ನೋಡಲಿಲ್ಲ.